ಅಂಗಳದ ಕಬಡ್ಡಿ, ಹಿತ್ತಿಲ ಒಲೆ

ನಮ್ಮ ಮನೆಗೆ ಬರುವವರು ಅಂಗಳ ದಾಟುವಾಗ ನೆಲ ನೋಡಿಕೊಂಡು ದಾಟಬೇಕಿತ್ತು. ಧಾರೇಶ್ವರದ ಕಡಲಬದಿಯ ನಮ್ಮ ಕೇರಿಯಲ್ಲಿ ಉಳಿದವರ ಅಂಗಳದಲ್ಲೆಲ್ಲ ಮೀನು ಒಣಗುತ್ತಿದ್ದರೆ ನಮ್ಮ ಅಂಗಳದಲ್ಲಿ ಮಾತ್ರ ಬೂದಿಯಿಂದ ಎಳೆದ ಗೆರೆಗಳಿದ್ದವು. ಅದು ಕಬಡ್ಡಿಯ ಅಂಕಣ. ಅದಕ್ಕೆ ಜಾಗ ಸಾಲದೆ ತುಳಸಿಕಟ್ಟೆಯನ್ನೇ ಒಂದು ಮೂಲೆಗೆ ಸರಿಸಿದ್ದರು. ನಡುಗೆರೆಯನ್ನು ಯಾರಾದರೂ ತುಳಿದು ಅಳಿಸಿದರೆ ಅಪ್ಪ ಬೈಯುತ್ತಿರಲಿಲ್ಲ. ಒಲೆಯಿಂದ ಬೂದಿ ತಂದು, ಬಗ್ಗಿ, ಅಳಿಸಿದಷ್ಟನ್ನು ಮತ್ತೆ ಎಳೆಯುತ್ತಿದ್ದ. ಆದರೆ ಎಳೆಯುವ ಮೊದಲು ತುಳಿದವರ ಮುಖವನ್ನು ಒಮ್ಮೆ ನೋಡುತ್ತಿದ್ದ. ಕಾಣದೆ ತುಳಿದರೋ, ಬೇಕೆಂದೇ ತುಳಿದರೋ ಎಂದು ಅಳೆಯುವ ನೋಟ ಅದು. ಅಪ್ಪನ ಬಗ್ಗೆ ನನಗಿರುವ ಮೊದಲ ನೆನಪೇ ಆ ನೋಟ.

ನಮ್ಮ ಕೇರಿಯ ಕಬಡ್ಡಿ ಸಂಘದ ಚರಿತ್ರೆ ಕೇಳಿದರೆ ಈಗಿನ ಹುಡುಗರು ಗೆದ್ದ ಕಪ್ಪುಗಳಿಂದ ಸುರು ಮಾಡುತ್ತಾರೆ. ಅದಕ್ಕಿಂತ ಹಿಂದಿನದು ಅವರಿಗೆ ಗೊತ್ತಿಲ್ಲ. ನನ್ನ ಅಪ್ಪ ಈಶ್ವರ ಮತ್ತು ಅವನ ದೋಣಿಯ ಗೆಳೆಯರು ಮಳೆಗಾಲದಲ್ಲಿ ದೋಣಿ ದಡಕ್ಕೆಳೆದು ಕೂತಾಗ, ಹೊತ್ತು ಹೋಗದೆ ಕಟ್ಟಿದ ಸಂಘ ಅದು. ಮೊದಲು ಆಡುತ್ತಿದ್ದುದು ಕಡಲ ದಂಡೆಯಲ್ಲಿ, ನೀರು ಇಳಿದಾಗಿನ ಒದ್ದೆ ಹೊಯಿಗೆಯ ಮೇಲೆ. ಕಾಲಿನ ಹೆಬ್ಬೆರಳಿನಿಂದ ಗೆರೆ ಎಳೆಯುತ್ತಿದ್ದರಂತೆ. ಒಂದು ಸಂಜೆ ತೆರೆ ಬಂದು ನಡುಗೆರೆಯನ್ನು ಒರೆಸಿಕೊಂಡು ಹೋಯಿತು. ಆ ಗಳಿಗೆಯಲ್ಲಿ ಗೆರೆಯ ಹತ್ತಿರ ಬಿದ್ದಿದ್ದವನು ಔಟೋ ಅಲ್ಲವೋ ಎಂಬ ಜಗಳ ಹೊಡೆದಾಟಕ್ಕೆ ಹೋಗಿ, ಒಂದೇ ಬಲೆ ಎಳೆಯುವವರು ಎಷ್ಟೋ ದಿನ ಮಾತು ಬಿಟ್ಟರು. ಕಡಲು ನಂಬಿ ಗೆರೆ ಎಳೆಯಬಾರದು ಎಂದು ಅಪ್ಪ ಆಟವನ್ನು ನಮ್ಮ ಅಂಗಳಕ್ಕೆ ತಂದ. ಗುಡ್ಡದ ಕೆಂಪು ಮಣ್ಣು ಹೊತ್ತು ತಂದು ಹೊಯಿಗೆಯ ಮೇಲೆ ಹಾಸಿ, ನೀರು ಹೊಯ್ದು, ಬಡಿದು ಗಟ್ಟಿ ಮಾಡಿದರು. ಜಗಲಿಯ ಎಡಕ್ಕಿದ್ದ ಬಲೆಯ ಕೋಣೆ ಸಂಘದ ಕೋಣೆಯಾಯಿತು. ಬಲೆಗಳು ಹೊರಗಿನ ಮಾಡಿನಡಿ ಹೋಗಿ ಇರಚಲಿಗೆ ನೆನೆದವು. ಅಜ್ಜಿ ಆ ಬಲೆಗಳಿಗಾಗಿ ವರ್ಷಗಟ್ಟಲೆ ಗೊಣಗಿದಳು. ಆದರೆ ಹೊರಗಿನವರು ಯಾರಾದರೂ ಸಂಘದ ಬಗ್ಗೆ ಒಂದು ಹಗುರ ಮಾತಾಡಿದರೆ ಮೊದಲು ಎದ್ದು ನಿಲ್ಲುತ್ತಿದ್ದವಳೂ ಅವಳೇ.

ಆ ಕೋಣೆಯ ವಾಸನೆ ನಮ್ಮ ಮನೆಯ ವಾಸನೆಯೇ ಆಗಿತ್ತು. ಬೆವರು ಕುಡಿದ ಬನಿಯನ್ನು, ನೋವಿನ ಎಣ್ಣೆ, ಗಾಯಕ್ಕೆ ಹಚ್ಚುವ ಅರಿಶಿನ, ಇವುಗಳ ನಡುವೆ ಎಲ್ಲೋ ಹಳೆಯ ಬಲೆಯ ಮೀನುನಾತ. ಸಂಜೆ ನಾನು ಜಗಲಿಯ ಮೇಲೆ ಕೂತು ಪಾಠ ಓದುವಾಗ ಅಂಗಳದಿಂದ ‘ಕಬಡ್ಡಿ ಕಬಡ್ಡಿ’ ಎಂಬ ಒಂದೇ ಉಸಿರಿನ ಸದ್ದು ಕೇಳುತ್ತಿತ್ತು, ಅದು ನಿಂತ ಕೂಡಲೇ ಧಪ್ಪೆಂದು ಮೈಗಳು ಬೀಳುವ ಸದ್ದು. ಯಾರು ಬಿದ್ದರು ಎಂದು ನೋಡದೆಯೇ ನನಗೆ ಗೊತ್ತಾಗುತ್ತಿತ್ತು. ಪಂದ್ಯವಿದ್ದ ದಿನ ತಂಡಕ್ಕೆಲ್ಲ ನಮ್ಮ ಮನೆಯಲ್ಲೇ ಊಟ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಒಣಮೀನಿನ ಚಟ್ನಿ. ಜಗಲಿಯ ಉದ್ದಕ್ಕೂ ಸಾಲಾಗಿ ಕೂತು ಉಂಡು, ಅಂಗಳದ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಹೊರಡುತ್ತಿದ್ದರು. ಹೊರಡುವ ಮೊದಲು ಅಜ್ಜಿ ಉಪ್ಪು, ಒಣಮೆಣಸು ಹಿಡಿದು ಒಬ್ಬೊಬ್ಬರಿಗೂ ದೃಷ್ಟಿ ತೆಗೆದು ಒಲೆಗೆ ಹಾಕುತ್ತಿದ್ದಳು. ಮೆಣಸಿನ ಘಾಟು ಬರಲಿಲ್ಲವೆಂದರೆ ದೃಷ್ಟಿ ಬಲವಾಗಿತ್ತು ಎಂದು ಅರ್ಥ. ಘಾಟು ಬಂದರೆ ಎಲ್ಲರೂ ಕೆಮ್ಮಿಕೊಂಡು ನಗುತ್ತಿದ್ದರು.

ಆ ಅಡಿಗೆ ಮಾಡುತ್ತಿದ್ದವಳು ನನ್ನ ಅಮ್ಮ ಗಿರಿಜೆ, ನಮ್ಮ ಕಡೆಯ ಮಾತಿನಲ್ಲಿ ಆಯಿ. ಅವಳು ಕಾಗಾಲದ ಕಡೆಯವಳು. ನಮ್ಮ ತಂಡಕ್ಕೆ ಎದುರಾಳಿಗಳು ಯಾರೇ ಇರಲಿ, ವೈರಿಗಳು ಎಂದರೆ ಕಾಗಾಲದವರೇ. ಆಯಿಯ ತಮ್ಮ ಆ ತಂಡದ ಮೂಲೆಯಲ್ಲಿ ನಿಂತು ಕಾಲು ಹಿಡಿಯುತ್ತಿದ್ದ. ಮದುವೆಯ ಮಾತುಕತೆಯಲ್ಲಿ ಎರಡೂ ಕಡೆಯವರು ಇದನ್ನು ತಮಾಷೆ ಮಾಡಿ ನಕ್ಕಿದ್ದರಂತೆ. ಮದುವೆಯಾದ ಮೇಲೆ ಆ ತಮಾಷೆ ನಮ್ಮ ಮನೆಯಲ್ಲಿ ಬೇರೆ ಬಣ್ಣ ಪಡೆಯಿತು. ಆಟದ ಉಪಾಯ ಮಾತಾಡುವಾಗ ಆಯಿ ಚಾ ತಂದರೆ ಮಾತು ಒಂದು ಕ್ಷಣ ನಿಲ್ಲುತ್ತಿತ್ತು. ಅವಳು ಒಳಗೆ ಹೋದ ಮೇಲೆ ಮತ್ತೆ ಸುರುವಾಗುತ್ತಿತ್ತು. ಯಾರೂ ಏನೂ ಅಂದವರಲ್ಲ. ಚಾದ ಲೋಟ ಇಡುವಷ್ಟು ಹೊತ್ತಿನ ಮೌನ, ಅಷ್ಟೇ. ಆಯಿ ತವರಿಗೆ ಹೋಗುವ ದಿನ ಅಜ್ಜಿ ಬಾಗಿಲಲ್ಲಿ ನಿಂತು, ‘ಅಲ್ಲಿ ಹೋಗಿ ಇಲ್ಲಿನ ಸುದ್ದಿ ಹೇಳ್ಬ್ಯಾಡ’ ಎನ್ನುವಳು. ಬೇರೆ ಅತ್ತೆಯರೂ ಸೊಸೆಯರಿಗೆ ಹಾಗೇ ಹೇಳುತ್ತಾರೆ. ನಮ್ಮ ಮನೆಯಲ್ಲಿ ‘ಇಲ್ಲಿನ ಸುದ್ದಿ’ ಎಂದರೆ ಯಾರ ಮೊಣಕಾಲು ನೋವು, ಯಾರು ಮೊದಲು ರೈಡು ಹೋಗುತ್ತಾರೆ ಎಂಬುದು.

ಅಜ್ಜಿಯ ಇನ್ನೊಂದು ಭಯ ಮದ್ದಿನದು. ಅನ್ನದಲ್ಲೋ ಚಾದಲ್ಲೋ ಎಂತದೋ ಬೆರೆಸಿ ಕೊಟ್ಟು ಮನುಷ್ಯನ ಶಕ್ತಿ ಇಳಿಸುತ್ತಾರೆ ಎಂಬ ನಂಬಿಕೆ ನಮ್ಮ ಕಡೆ ಆಗ ಬಲವಾಗಿತ್ತು. ಹಾಗಾಗಿ ತಂಡ ಬೇರೆ ಊರಿಗೆ ಹೋದರೆ ಅಲ್ಲಿ ಏನನ್ನೂ ತಿನ್ನುವಂತಿಲ್ಲ, ನೀರನ್ನೂ ಇಲ್ಲಿಂದಲೇ ಕೊಡಪಾನದಲ್ಲಿ ಒಯ್ಯಬೇಕು. ಒಮ್ಮೆ ಕಾಗಾಲಕ್ಕೆ ಹೊರಟವರಿಗೆ ಅಜ್ಜಿ ಇದನ್ನು ಹೇಳುತ್ತಿದ್ದಾಗ ಆಯಿ ಒಳಗಿಂದ ನಕ್ಕಳು.

“ಅತ್ತೆ, ಆ ಬಾವಿ ನೀರು ಕುಡ್ದೇ ನಾ ಇಷ್ಟು ದೊಡ್ಡ ಆದದ್ದು. ನಂಗೆ ಎಂತ ಆತು?”

“ನಿಂಗೆ ಎಂತ ಆಗ್ತದೆ? ನೀ ಅವ್ರ ಪೈಕಿ.”

ಅಜ್ಜಿ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬರುತ್ತದೆ ಎನ್ನುವ ಹಾಗೆ ಹೇಳಿದಳು. ಆಯಿಯ ನಗು ಹಾಗೇ ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದು, ಆಮೇಲೆ ಹೋಯಿತು. ನಾನು ಅಪ್ಪನನ್ನು ನೋಡಿದೆ. ಅವನು ಮೊಣಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ.

ನಮ್ಮ ತಂಡದ ಜೀವವೆಂದರೆ ಮಾದೇವ. ಅಪ್ಪನಿಗಿಂತ ಬಹಳ ಚಿಕ್ಕವನು, ಹಗುರ ಮೈ, ಉದ್ದ ಉಸಿರು. ಎದುರಾಳಿಗಳ ನಡುವೆ ಹೊಕ್ಕನೆಂದರೆ ಕೈಗೆ ಸಿಗದ ಮೀನಿನ ಹಾಗೆ ಜಾರಿಕೊಂಡು ನಡುಗೆರೆಗೆ ಬಂದು ಬೀಳುತ್ತಿದ್ದ. ತಾಯಿಯಿಲ್ಲದ ಅವನಿಗೆ ಹೆಚ್ಚುಕಡಿಮೆ ನಮ್ಮ ಮನೆಯಲ್ಲೇ ಊಟ. ಅವನಿಗೆ ಕಾಲು ಹಾಕುವುದನ್ನು, ಹಿಮ್ಮುಖ ಒದೆಯುವುದನ್ನು ಕಲಿಸಿದ್ದು ಅಪ್ಪ. ಅವನಿಗೆ ದೊಡ್ಡ ಮೀನಿನ ತುಂಡು ಎತ್ತಿಡಬೇಕೆಂದು ಆಯಿಗೆ ಹೇಳಿದ್ದು ಅಜ್ಜಿ. ಆಯಿ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ‘ಗಿರಿಜಕ್ಕನ ಸಾರು ಉಂಡ್ರೆ ಮೈಗೆ ಬಲ ಬತ್ತದೆ’ ಎಂದು ಅವನು ಬಟ್ಟಲು ನೆಕ್ಕುತ್ತಿದ್ದ. ಆಯಿಯ ಸಾರಿಗೆ ಒಂದು ಬೇರೆಯೇ ಪರಿಮಳ. ಅವಳು ತವರಿನಿಂದ ತರುತ್ತಿದ್ದ ಜುಮ್ಮನಕಾಯಿ ಎಂಬ ಮಸಾಲೆಕಾಯಿಯನ್ನು ಜಜ್ಜಿ ಹಾಕುತ್ತಿದ್ದಳು. ನಾಲಿಗೆ ಸ್ವಲ್ಪ ಜುಮ್ಮೆನ್ನುತ್ತಿತ್ತು.

ಒಂದು ವರ್ಷ ಕುಮಟೆಯ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ನಡೆದ ದೊಡ್ಡ ಪಂದ್ಯದಲ್ಲಿ ಕೊನೆಗೆ ಉಳಿದವರು ನಾವು ಮತ್ತು ಕಾಗಾಲದವರು. ಮಧ್ಯಾಹ್ನ ತಂಡ ನಮ್ಮ ಜಗಲಿಯಲ್ಲಿ ಉಂಡಿತು. ಮಾದೇವ ತಡವಾಗಿ ಬಂದ. ಆಯಿ ಎತ್ತಿಟ್ಟಿದ್ದ ಮೀನಿನ ತುಂಡನ್ನು ಅವನ ಬಟ್ಟಲಿಗೆ ಹಾಕಿದಳು. ಅವನು ಅಂದು ನಿಧಾನ ಉಂಡದ್ದು ನನಗೆ ನೆನಪಿದೆ. ಆಯಿ ‘ಇನ್ನೊಂದು ಸೌಟು?’ ಎಂದರೆ ಬೇಡವೆಂದು ಬಟ್ಟಲ ಮೇಲೆ ಕೈ ಹಿಡಿದ. ಸಂಜೆ ಟೆಂಪೋ ಹತ್ತಿ ನಾವೆಲ್ಲ ಹೋದೆವು. ಆಟದ ಮೊದಲ ಭಾಗದಲ್ಲೇ ಮಾದೇವನ ಮುಖ ಬೆಳ್ಳಗಾಗಿತ್ತು. ಒಂದು ರೈಡಿನ ನಡುವೆ ಉಸಿರು ಮುರಿಯಿತು. ಮುಂದಿನ ರೈಡಿಗೆ ಹೋದವನು ನಡುಗೆರೆಯ ಹತ್ತಿರವೇ ಕೂತುಬಿಟ್ಟು ವಾಂತಿ ಮಾಡಿಕೊಂಡ. ಅವನನ್ನು ಎತ್ತಿಕೊಂಡು ಹೊರಗೆ ತಂದು ಮಲಗಿಸಿದರು. ಉಳಿದವರಿಗೆ ಏನೂ ಆಗಿರಲಿಲ್ಲ. ಅವನಿಲ್ಲದ ತಂಡವನ್ನು ಕಾಗಾಲದವರು ಒಬ್ಬೊಬ್ಬರನ್ನಾಗಿ ಹೆಕ್ಕಿ ಹಾಕಿದರು. ನಮ್ಮವನೊಬ್ಬ ಕಾಗಾಲದ ಪರ ಆಡುತ್ತಿದ್ದ ನನ್ನ ಸೋದರಮಾವನ ಮೊಣಗಂಟಿಗೆ ಜೋರಾಗಿ ಒದ್ದಾಗ ಹೆಂಗಸರ ಸಾಲಿನಲ್ಲಿ ನಿಂತಿದ್ದ ಆಯಿ ‘ಅಯ್ಯೋ’ ಎಂದಳು. ಪಕ್ಕದ ಮನೆಯ ಹೆಂಗಸು ತಿರುಗಿ ಅವಳನ್ನು ನೋಡಿದಳು. ಆ ಒಂದು ‘ಅಯ್ಯೋ’ ನಮ್ಮ ಟೆಂಪೋಕ್ಕಿಂತ ಮೊದಲು ಕೇರಿ ತಲುಪಿತು.

ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲಿ ಕೂತಿದ್ದಳು. ಸೋತ ಸುದ್ದಿ ಅವಳಿಗೆ ಗೊತ್ತಾಗಿತ್ತು. ಕೇಳಿದ್ದು ಒಂದೇ ಮಾತು.

“ಮಾದೇವಗೆ ಬಡಿಸಿದ್ದು ಯಾರು?”

“ನಾನೇ ಅತ್ತೆ. ದಿನಾ ನಾನೇ ಅಲ್ದೊ?”

“ನೀ ಅವನ ತುಂಡು ಬೇರೆ ಎತ್ತಿಟ್ಟಿದ್ದೆ.”

“ನೀವೇ ಹೇಳಿದ್ರಿ ಎತ್ತಿಡು ಹೇಳಿ.”

“ಎತ್ತಿಡು ಅಂದೆ. ಅದಕ್ಕೆ ಎಂತ ಬೆರೆಸು ಅಂದೆ?”

ಅಂಗಳದಲ್ಲಿದ್ದವರೆಲ್ಲರ ಎದುರಿಗೆ ಆಯಿ ಅಪ್ಪನ ಕಡೆ ತಿರುಗಿದಳು. ಅಪ್ಪ ಏನಾದರೂ ಹೇಳುತ್ತಾನೆ ಎಂದು ಅವಳು ಕಾದಳು, ನಾನೂ ಕಾದೆ. ಅಪ್ಪ ಬನಿಯನ್ನುಗಳ ಗಂಟನ್ನು ಎತ್ತಿಕೊಂಡು ಸಂಘದ ಕೋಣೆಗೆ ಹೋದ. ಆಮೇಲೆ ಎಷ್ಟೋ ಸಲ ಅವನು, ‘ನಾ ಎಂತದೂ ಹೇಳ್ಲಿಲ್ಲ’ ಎಂದು ತನ್ನ ಪರವಾಗಿ ಹೇಳಿಕೊಳ್ಳುತ್ತಿದ್ದ. ಅದು ನಿಜವೇ. ಅವನು ಎಂತದೂ ಹೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಆಯಿ ಅಡಿಗೆಮನೆಗೆ ಹೋದಾಗ ಅಜ್ಜಿ ಆಗಲೇ ಒಲೆ ಹೊತ್ತಿಸಿ ಮುಂದೆ ಕೂತಿದ್ದಳು. ‘ನೀ ಬ್ಯಾಡ, ನಾ ಮಾಡ್ತೆ’ ಎಂದಳು. ಆಯಿ ಬಾಗಿಲಲ್ಲಿ ನಿಂತು ನೋಡಿ, ತಿರುಗಿ ಹಿತ್ತಿಲಿಗೆ ಹೋದಳು. ಬಾವಿಕಟ್ಟೆಯ ಹತ್ತಿರದ ಕಲ್ಲುಗಳನ್ನು ತಂದು ಹಿಂದಿನ ಜಗಲಿಯಲ್ಲಿ ಒಲೆ ಹೂಡಿದಳು. ಅಜ್ಜಿ ಉಣ್ಣಲು ಕರೆದಾಗ ಅಲ್ಲಿಂದಲೇ ಹೇಳಿದಳು:

“ನಾ ಮಾಡಿದ್ದು ನೀವು ಉಣ್ಣೂದಿಲ್ಲ ಅಂದ್ರೆ ನೀವು ಮಾಡಿದ್ದು ನಾ ಎಂತಕ್ಕೆ ಉಣ್ಣಬೇಕು?”

ಅಂದಿನಿಂದ ನಮ್ಮ ಮನೆಗೆ ಎರಡು ಒಲೆ. ಮುಂದಿನ ಅಂಗಳದಲ್ಲಿ ಎರಡು ಪಾಳಯ ಮಾಡಿ ಆಡುವುದನ್ನು ಕಂಡವಳು ನಾನು. ಈಗ ಮನೆಯೊಳಗೇ ಒಂದು ನಡುಗೆರೆ ಬಿದ್ದಿತ್ತು, ಅದನ್ನು ದಾಟುತ್ತಿದ್ದವಳು ನಾನೊಬ್ಬಳೇ. ಬೆಳಿಗ್ಗೆ ಅಜ್ಜಿಯ ಗಂಜಿ, ಮಧ್ಯಾಹ್ನ ಆಯಿಯ ಅನ್ನ. ಅಪ್ಪ ಅಜ್ಜಿಯ ಒಲೆಯಲ್ಲಿ ಉಂಡು ಆಯಿಯ ಒಲೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಹೋಗುತ್ತಿದ್ದ. ಅಜ್ಜಿ ನನ್ನನ್ನು ಹತ್ತಿರ ಕರೆದು ತಲೆ ಬಾಚುತ್ತ ಕೇಳುವಳು.

“ನಿನ್ನ ಆಯಿ ಸಾರಿಗೆ ಎಂತೆಂತ ಹಾಕ್ತಾಳೆ ಕೂಸೆ?”

“ಕಾಯಿ, ಮೆಣಸು, ಹುಳಿ.”

“ಮತ್ತೆ?”

“ಜುಮ್ಮನಕಾಯಿ.”

“ಹ್ಞಾಂ. ಅದ್ರ ವಾಸನೆಯಲ್ಲಿ ಎಂತ ಬೇಕಾದ್ರೂ ಅಡಗ್ತದೆ. ಬೀಜ ಎಂತ ಬಣ್ಣ ಇರ್ತದೆ ನೋಡ್ಕಂಡು ಬಾ.”

ವರ್ಷಗಳಿಂದ ಅಜ್ಜಿಯೇ ಬಾಯಿ ಚಪ್ಪರಿಸಿ ಉಂಡ ಕಾಯಿ ಅದು. ಆದರೆ ಅಜ್ಜಿ ಹಾಗೆ ಹೇಳಿದ ಮೇಲೆ ನಾನು ಆಯಿ ಅರೆಯುವುದನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಒರಳಿನ ಗುಂಡಿಯೊಳಗೆ ಅವಳ ಬೆರಳು ಹೋಗಿ ಬರುವುದು, ಸೆರಗಿಗೆ ಕೈ ಒರೆಸಿಕೊಳ್ಳುವುದು, ಸೆರಗಿನ ತುದಿಯ ಗಂಟು, ಎಲ್ಲವೂ ಏನನ್ನೋ ಬಚ್ಚಿಟ್ಟಂತೆ ಕಾಣುತ್ತಿತ್ತು. ಒಂದು ದಿನ ಆ ಗಂಟು ಬಿಚ್ಚಿ ಅವಳು ಕಪ್ಪಗಿನ ಏನನ್ನೋ ಸಾರಿಗೆ ಹಾಕಿದಳು. ಅದು ಹುಳಿಗೆ ಹಾಕುವ ಒಣ ಮುರುಗಲ ಸಿಪ್ಪೆ. ಮೂರ್ಹೊತ್ತೂ ನಮ್ಮ ಮಾಡಿನ ಮೇಲೆ ಒಣಗುತ್ತಿದ್ದ ವಸ್ತುವೇ ನನಗೆ ಗುರುತು ಸಿಗಲಿಲ್ಲ. ಆ ದಿನ ನಾನು ಸಾರನ್ನು ಮೂಸಿ ನೋಡಿ ಉಂಡೆ. ಆಯಿ ಅದನ್ನು ಕಂಡಳು. ಕಂಡು, ನನ್ನ ಬಟ್ಟಲಿಗೆ ಇನ್ನಷ್ಟು ಅನ್ನ ಹಾಕಿ, ‘ಮೂಸ್ಕೊ. ಮೂಸ್ಕಂಡೇ ಉಣ್ಣು. ಒಳ್ಳೇದೇ’ ಎಂದಳು. ಇವತ್ತಿಗೂ, ನಾನು ಈಗಿರುವ ಹೊನ್ನಾವರದಲ್ಲಿ ಯಾರ ಮನೆಯ ಮದುವೆಯೂಟಕ್ಕೆ ಕೂತರೂ ನನ್ನ ಕಣ್ಣು ಮೊದಲು ಬಡಿಸುವ ಕೈಯನ್ನು ನೋಡುತ್ತದೆ. ನನ್ನ ಸೊಸೆ ನಗುತ್ತಾಳೆ. ಅವಳಿಗೆ ಎಲ್ಲಿಂದ ಹೇಳಲಿ.

ಮನೆಯ ಗಾಳಿ ಸಂಘಕ್ಕೂ ಹೊಡೆಯಿತು. ಹುಡುಗರು ಅಂಗಳಕ್ಕೆ ಬರುವುದು ಕಡಿಮೆಯಾಯಿತು. ಬಂದವರೂ ನಮ್ಮ ಬಾವಿಯ ನೀರು ಕುಡಿಯದೆ ಮನೆಯಿಂದ ಬಾಟಲಿ ತಂದರು. ಕಾಗಾಲಕ್ಕೆ ಹೋದಾಗ ಪಾಲಿಸುತ್ತಿದ್ದ ನಿಯಮ ಈಗ ನಮ್ಮ ಮನೆಗೇ ಬಂದಿತ್ತು. ಮಾದೇವ ಮಾತ್ರ ಒಂದು ದಿನವೂ ಬರಲಿಲ್ಲ. ಮೈ ಹುಷಾರಿಲ್ಲ ಎಂದು ಹೇಳಿ ಕಳಿಸುತ್ತಿದ್ದ. ಅದು ಕೇಳಿದಾಗಲೆಲ್ಲ ಕೇರಿಯ ಹೆಂಗಸರು, ‘ಮದ್ದು ಇನ್ನೂ ಇಳೀಲಿಲ್ಲ’ ಎನ್ನುತ್ತಿದ್ದರು. ಅಪ್ಪ ಕತ್ತಲಾಗುವವರೆಗೆ ಖಾಲಿ ಅಂಕಣದ ಅಂಚಿನಲ್ಲಿ ಕೂತಿರುತ್ತಿದ್ದ. ಕೊನೆಗೆ ಅಜ್ಜಿಯೇ ದಾರಿ ಹೇಳಿದಳು. ಕೇರಿಯ ಅಮ್ಮನವರ ಗುಡಿಯಲ್ಲಿ ದೀಪ ಮುಟ್ಟಿ ಆಣೆ ಮಾಡಲಿ. ಸುಳ್ಳು ಹೇಳಿ ಆ ದೀಪ ಮುಟ್ಟಿದವರು ಉಳಿಯುವುದಿಲ್ಲವೆಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು. ಅಪ್ಪ ಈ ಮಾತನ್ನು ಹಿತ್ತಿಲ ಜಗಲಿಗೆ ತಂದ. ಅಜ್ಜಿಯೂ ಅವನ ಹಿಂದೆ ಬಂದು ನಿಂತಳು. ಆಯಿ ಒಲೆಗೆ ಸೌದೆ ದೂಡುತ್ತಿದ್ದವಳು ಹಾಗೇ ಹೇಳಿದಳು:

“ಆತು, ಮಾಡ್ತೆ. ಆದ್ರೆ ನಾ ಒಬ್ಳೇ ಅಲ್ಲ. ಆ ದಿನ ಜಗಲಿ ಮೇಲೆ ಯಾರ್ಯಾರು ಉಂಡ್ರೊ ಅವ್ರೆಲ್ಲ ಬರ್ಲಿ. ನನ್ನ ಅನ್ನ ಬಿಟ್ಟು ಬೇರೆ ಎಂತದೂ ತಿಂದಿಲ್ಲ ಹೇಳಿ ಅವ್ರೂ ದೀಪ ಮುಟ್ಲಿ.”

“ಅವ್ರು ಎಂತಕ್ಕೆ ಮುಟ್ಬೇಕು?” ಅಜ್ಜಿ ಕೇಳಿದಳು. “ಅವ್ರ ಮೇಲೆ ಯಾರೂ ಸಂಶಯ ಮಾಡಿಲ್ಲ.”

“ಮಾಡಿಲ್ಲ. ಅದಕ್ಕೇ.”

ಅಪ್ಪ ತಲೆಯಾಡಿಸಿದ. ಎಷ್ಟೋ ದಿನಗಳ ಮೇಲೆ ಅವನು ಒಂದು ವಿಷಯಕ್ಕೆ ತಾನಾಗಿ ತಲೆಯಾಡಿಸಿದ್ದು ಅದೇ ಮೊದಲು.

ಗುಡಿಯ ಪೂಜೆ ಮಾಡುವ ಗುನಗ ಒಂದು ಬೆಳಿಗ್ಗೆ ದೀಪ ಹಚ್ಚಿ ಹೊಸ್ತಿಲ ಮೇಲೆ ಇಟ್ಟ. ತಂಡದವರೆಲ್ಲ ಬಂದಿದ್ದರು. ಮಾದೇವನನ್ನು ಅಪ್ಪನೇ ಹೋಗಿ ಕರೆತಂದಿದ್ದ. ಕೇರಿಯ ಅರ್ಧ ಜನ ಆಲದ ಮರದ ಕೆಳಗೆ ನಿಂತಿತ್ತು. ಆಯಿ ನನ್ನ ಕೈ ಹಿಡಿದು ಮುಂದೆ ಹೋದಳು. ಹೋದವಳು ದೀಪಕ್ಕೆ ಒಂದು ಕೈ ಚಾಚಿ ಇನ್ನೊಂದು ಕೈಯನ್ನು ನನ್ನ ನೆತ್ತಿಯ ಮೇಲೆ ಇಟ್ಟಳು.

“ಏ, ಕೂಸಿನ ತಲೆ ಮೇಲೆ ಬ್ಯಾಡ!” ಎಂದು ಅಜ್ಜಿ ಕೂಗಿದಳು.

“ಎಂತಕ್ಕೆ ಅತ್ತೆ? ನಂಗೆ ಹೆದ್ರಿಕೆ ಇಲ್ಲೆ. ನಿಮ್ಗೆ ಅದ್ಯೊ?”

ಆಯಿ ಅಷ್ಟು ಜನರ ಮುಂದೆ ಅಜ್ಜಿಯ ಕಣ್ಣು ನೋಡುತ್ತ, ತನ್ನ ಕೈಯಿಂದ ಯಾರ ಅನ್ನಕ್ಕೂ ಎಂತದೂ ಬಿದ್ದಿಲ್ಲ ಎಂದು ಹೇಳಿ ದೀಪ ಮುಟ್ಟಿದಳು. ನನ್ನ ನೆತ್ತಿಯ ಮೇಲಿದ್ದ ಕೈ ನಡುಗಲಿಲ್ಲ. ನಡುಗುತ್ತದೆಯೋ ಎಂದು ನಾನೇ ಕಾದಿದ್ದೆ. ಆಮೇಲೆ ತಂಡದವರ ಸರದಿ. ಒಬ್ಬೊಬ್ಬರೇ ಬಂದು ಹೇಳಿ ಮುಟ್ಟಿದರು. ಒಬ್ಬ ಮಾತ್ರ ಕೈ ಹಿಂದೆಳೆದು, ‘ನಾ ಕುಮಟೆ ಬಸ್ ಸ್ಟ್ಯಾಂಡಿನಲ್ಲಿ ಬನ್ಸ್ ತಿಂದಿದ್ದೆ, ಹಸಿವು ತಡೀಲಿಲ್ಲ’ ಎಂದ. ಜನ ನಕ್ಕರು. ಗುನಗನೂ ನಕ್ಕ. ಆ ನಗು ಇನ್ನೂ ನಿಂತಿರಲಿಲ್ಲ, ಮಾದೇವ ಮುಂದೆ ಬಂದ. ದೀಪದ ಮುಂದೆ ನಿಂತವನು ಕೈ ಎತ್ತಲೇ ಇಲ್ಲ.

“ಈಶ್ವರಣ್ಣ, ನಾ ಮುಟ್ಟೂದಿಲ್ಲ.”

“ಎಂತಕ್ಕೊ?”

“ಆ ದಿನ ಬೆಳಿಗ್ಗೆ ನಾ ಹೊನ್ನಾವರಕ್ಕೆ ಹೋಗಿದ್ದೆ.”

ಉಳಿದದ್ದನ್ನು ಅವನು ನೆಲ ನೋಡುತ್ತ ಹೇಳಿದ. ಭಟ್ಕಳದ ಕಡೆಯ ಒಂದು ದೊಡ್ಡ ತಂಡದವರು ಅವನನ್ನು ಕರೆಯುತ್ತಿದ್ದರು. ಅಲ್ಲಿಗೆ ಹೋದರೆ ಬೂಟು, ಬಸ್ಸಿನಲ್ಲಿ ಊರೂರು ತಿರುಗಾಟ, ಬಂದರಿನಲ್ಲಿ ಕೆಲಸ. ಅಂದು ಹೊನ್ನಾವರದಲ್ಲಿ ಅವರೊಡನೆ ಕೂತು ಮಾತಾಡಿ, ಏಡಿ ಸುಕ್ಕ ತಿಂದು, ಮೇಲಿಂದ ಬೀರು ಕುಡಿದು ಬಂದಿದ್ದ. ಬರುವಾಗಲೇ ಹೊಟ್ಟೆ ತೊಳೆಸುತ್ತಿತ್ತು. ನಮ್ಮ ಜಗಲಿಯಲ್ಲಿ ಉಣ್ಣಲು ಕೂರದಿದ್ದರೆ ಎಲ್ಲಿ ಉಂಡೆ ಎಂದು ಕೇಳುತ್ತಾರೆ, ಅದಕ್ಕೇ ಕೂತ. ಬೇಡವಾದರೂ ಉಂಡ.

“ಹೇಳ್ಬೇಕು ಅಂತ ಅನ್ಸಿತ್ತು ಗಿರಿಜಕ್ಕ,” ಎಂದ. “ಹೇಳಿದ್ರೆ ಹೋಗೂ ಸುದ್ದಿನೂ ಹೇಳ್ಬೇಕಾಗ್ತಿತ್ತು.”

ಅಪ್ಪ ಅವನ ಹತ್ತಿರ ಹೋದ. ಹೊಡೆಯುತ್ತಾನೆ ಎಂದುಕೊಂಡೆವು. ಅವನು ಮಾದೇವನ ಎರಡೂ ಭುಜ ಹಿಡಿದು, ಕಣ್ಣು ತುಂಬಿಕೊಂಡು, ‘ನಂಗೆ ಒಂದು ಮಾತು ಹೇಳ್ದೆ ಹೊರಟ್ಯಲ್ಲೊ’ ಎಂದ. ಮತ್ತೆ ಮತ್ತೆ ಅದನ್ನೇ ಹೇಳಿದ. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಆ ದಿನ. ಆಯಿ ದೀಪದ ಪಕ್ಕದಲ್ಲಿ ನಿಂತು ಅದನ್ನು ನೋಡಿದಳು. ಅಪ್ಪ ಒಮ್ಮೆಯಾದರೂ ಈಚೆ ತಿರುಗುತ್ತಾನೋ ಎಂದು ನೋಡಿದಳು. ತಿರುಗಲಿಲ್ಲ. ಅಜ್ಜಿ ಸೆರಗು ಕೊಡವಿಕೊಂಡು, ‘ಆತು, ನಡೀರಿ, ಮನೆಯಲ್ಲಿ ಅನ್ನ ಆರ್ತದೆ’ ಎಂದು ಮುಂದೆ ನಡೆದಳು. ಅವಳ ಕಡೆಯಿಂದ ಕ್ಷಮೆ ಕೇಳುವುದೆಂದರೆ ಅಷ್ಟೇ.

ಮಾದೇವ ಆ ಹಂಗಾಮಿನಲ್ಲೇ ಭಟ್ಕಳದ ಕಡೆ ಹೋದ. ನಮ್ಮ ಕೇರಿಯಲ್ಲಿ ಎಲ್ಲರೂ ಆಯಿಯನ್ನು ಮೊದಲಿಗಿಂತ ಹೆಚ್ಚು ಮಾತಾಡಿಸತೊಡಗಿದರು. ಪಕ್ಕದ ಮನೆಯ ಹೆಂಗಸು ಒಂದು ಬುಟ್ಟಿ ನೊಗ್ಲಿ ಮೀನು ತಂದು ಕೊಟ್ಟಳು. ಆಯಿ ಮೀನನ್ನು ತಿರುಗಿಸಿ ತಿರುಗಿಸಿ, ಕಿವಿರು ಎತ್ತಿ ನೋಡಿ, ‘ತಾಜಾ ಅದೆ’ ಎಂದು ತೆಗೆದುಕೊಂಡಳು. ಆದರೆ ಹಿತ್ತಿಲ ಒಲೆ ಆರಲಿಲ್ಲ. ಆಣೆ ಮುಗಿಯಿತಲ್ಲ, ಇನ್ನೇನು ಒಳಗೆ ಬರುತ್ತಾಳೆ ಎಂದು ಅಪ್ಪ ಕಾದ. ಬರದಿದ್ದಾಗ ಹೋಗಿ ಕರೆದ.

“ಒಳಗೆ ಬಾ. ಎಲ್ಲ ಮುಗೀತಲ್ಲ.”

“ಸಂಘ ಅಂಗಳ ಬಿಟ್ಟು ಹೋಗ್ಲಿ. ಆಮೇಲೆ ನೋಡ್ವ.”

ಅಪ್ಪ ಆ ಮಾತು ಕೇಳಿ ಕೂತೇಬಿಟ್ಟ. ಕೆಂಪು ಮಣ್ಣು ಹೊತ್ತ ಹೆಗಲು ಅವನದು. ಮೂರನೇ ದಿನ ಹುಡುಗರನ್ನು ಕರೆಸಿ ಸಂಘದ ಕೋಣೆ ಖಾಲಿ ಮಾಡಿಸಿದ. ಆಟ ಶಾಲೆಯ ಹಿಂದಿನ ಬಯಲಿಗೆ ಹೋಯಿತು. ಆಡುವ ಹುಡುಗರು ಸಾಲದೆ ಈಗ ನಮ್ಮ ಸಂಘವೂ ಕಾಗಾಲದ ಸಂಘವೂ ಕೂಡಿ ಒಂದೇ ತಂಡವಾಗಿದೆ. ಅವರ ಕಾರ್ಯಕ್ರಮಗಳಲ್ಲಿ ವೇದಿಕೆಯ ಮೇಲೆ, ‘ಅಂಗಳದಲ್ಲಿ ಜಾಗ ಸಾಲದೆ ಹಿರಿಯರು ಅಂಕಣವನ್ನು ಬಯಲಿಗೆ ಸ್ಥಳಾಂತರಿಸಿದರು’ ಎಂದು ಹೇಳುತ್ತಾರೆ. ಕೇಳುತ್ತ ಕೂತ ಹಳಬರು ತಲೆಯಾಡಿಸುತ್ತಾರೆ. ಅವರಿಗೆಲ್ಲ ಗೊತ್ತು. ಚರಿತ್ರೆಯೆಂದು ಯಾರಾದರೂ ಮೈಕಿನಲ್ಲಿ ಏನಾದರೂ ಹೇಳಿದರೆ ಅದರ ಹಿಂದೆ ಯಾರ ಮನೆಯ ಒಲೆಯಿತ್ತು ಎಂದು ನಾನು ಹುಡುಕುವುದು ಆಗಿನಿಂದ ಬಂದ ಚಟ.

ಸಂಘ ಹೋದ ಮೇಲೂ ಆಯಿ ಒಳಗೆ ಬರಲಿಲ್ಲ, ಅಂಗಳವನ್ನು ಅಗೆದಳು. ಆ ಮಣ್ಣು ಎಷ್ಟು ಗಟ್ಟಿಯಾಗಿತ್ತೆಂದರೆ ಗುದ್ದಲಿ ಹಿಂದಕ್ಕೆ ಚಿಮ್ಮುತ್ತಿತ್ತು. ಅಷ್ಟು ಜನರ ಮೈ ಬಿದ್ದು ಬಿದ್ದು ಕಲ್ಲಾಗಿದ್ದ ನೆಲ. ಮೊದಲ ಮಳೆಗೆ ಅದು ಮೆತ್ತಗಾಗಿ, ಹರಿವೆ ಬೀಜ ಹಾಕಿದಳು. ಅಜ್ಜಿ ಜಗಲಿಯಿಂದ ನೋಡುತ್ತಿದ್ದವಳು ಒಂದು ಮಧ್ಯಾಹ್ನ ತನ್ನ ಬಟ್ಟಲು ಹಿಡಿದುಕೊಂಡು ಹಿಂದಿನ ಜಗಲಿಗೆ ಬಂದಳು. ‘ನಾ ಮಾಡಿದ ಸಾರು ನಂಗೇ ಸೇರೂದಿಲ್ಲ’ ಎಂದು ಕಾಲು ಚಾಚಿ ಕೂತಳು. ಆಯಿ ಬಡಿಸಿದಳು. ಅಜ್ಜಿ ಉಂಡು, ಕೈ ತೊಳೆದು, ‘ಜುಮ್ಮನಕಾಯಿ ಸ್ವಲ್ಪ ಕಡಿಮೆ ಆತು’ ಎಂದಳು. ಅಲ್ಲಿಗೆ ಅವರಿಬ್ಬರದು ಮುಗಿಯಿತು. ಹೆಂಗಸರ ನಡುವಿನ ಲೆಕ್ಕಗಳು ಹೇಗೆ ತೀರುತ್ತವೆ ಎಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಹೀಗಾಗಿ ಒಳಗಿನ ಒಲೆಯ ಮುಂದೆ ಉಳಿದವನು ಅಪ್ಪ ಒಬ್ಬನೇ. ಬೆಳಗಿನ ತಣ್ಣನೆ ಗಂಜಿಗೆ ಉಪ್ಪಿನಕಾಯಿ ನೆಂಜಿಕೊಂಡು ಉಣ್ಣುತ್ತಿದ್ದ. ನಡುನಡುವೆ ಬಂದು ಆಯಿಯ ಹತ್ತಿರ, ‘ನಂಗೆ ನಿನ್ನ ಮೇಲೆ ಎಂದೂ ಸಂಶಯ ಇರ್ಲಿಲ್ಲ ಮಾರಾಯ್ತಿ’ ಎನ್ನುತ್ತಿದ್ದ. ಅವನು ಅದನ್ನು ಹೇಳಿದಷ್ಟೂ ಅವಳ ಮುಖ ಬಿಗಿಯುತ್ತಿತ್ತು. ಅಷ್ಟು ಒಳ್ಳೆಯ ಮಾತಿಗೆ ಅವಳು ಯಾಕೆ ಕರಗುವುದಿಲ್ಲ ಎಂದು ನನಗೆ ಆಗ ಸಿಟ್ಟು ಬರುತ್ತಿತ್ತು.

ಮಳೆ ಜೋರಾಗಿ ದೋಣಿಗಳೆಲ್ಲ ದಡಕ್ಕೆ ಬಂದಿದ್ದ ದಿನಗಳು. ಒಂದು ಮಧ್ಯಾಹ್ನ ನಾನೂ ಅಜ್ಜಿಯೂ ಹಿಂದಿನ ಜಗಲಿಯಲ್ಲಿ ಉಣ್ಣುತ್ತಿದ್ದಾಗ ಅಪ್ಪ ಬಂದು ಬಾಗಿಲ ಕಂಬಕ್ಕೆ ಒರಗಿ ನಿಂತ. ಆಯಿ ಸೌಟು ಕೆಳಗಿಟ್ಟಳು.

“ಒಂದು ಮಾತು ಕೇಳ್ತೆ. ಖರೇ ಹೇಳಿ.”

“ಕೇಳು.”

“ಆ ದಿನ ಅತ್ತೆ ನನ್ನ ಕೇಳ್ದಾಗ, ನಿಮ್ಗೆ ಸಂಶಯ ಬಂತೊ, ಇಲ್ವೊ?”

ಅಪ್ಪ ಬಾಯಿ ತೆರೆದ. ಎಂದಿನ ಮಾತೇ ಬರುತ್ತದೆ ಎಂದು ನಾನು ಬಟ್ಟಲಿಗೆ ಬಗ್ಗಿದೆ. ಆ ಮಾತು ಬರಲಿಲ್ಲ. ಅಜ್ಜಿ ಉಣ್ಣುವುದನ್ನು ನಿಲ್ಲಿಸಿದ್ದಳು. ಅಪ್ಪ ಮೊದಲು ಅವಳನ್ನು, ಆಮೇಲೆ ನನ್ನನ್ನು, ಕೊನೆಗೆ ಆಯಿಯನ್ನು ನೋಡಿದ.

“ಬಂತು,” ಎಂದ.

“ಎಲ್ಲಿವರೆಗೆ ಇತ್ತು?”

“ನೀ ದೀಪ ಮುಟ್ಟೂವರೆಗೂ ಇತ್ತು.”

ಆಯಿಯ ಭುಜಗಳು ಇಳಿದವು. ಎಷ್ಟೋ ದಿನದಿಂದ ತಲೆಯ ಮೇಲೆ ಹೊತ್ತಿದ್ದ ಬುಟ್ಟಿಯನ್ನು ಯಾರೋ ಕೈ ಕೊಟ್ಟು ಇಳಿಸಿದ ಹಾಗೆ.

“ಆತು,” ಎಂದಳು. “ಬಟ್ಟಲು ತಗಂಡು ಬನ್ನಿ.”

ಅಪ್ಪ ಒಳಗೆ ಹೋಗಿ ಬಟ್ಟಲು ತಂದು ನನ್ನ ಪಕ್ಕದಲ್ಲಿ ಕೂತ. ಆಯಿ ಅನ್ನ ಹಾಕಿ, ಸಾರು ಹೊಯ್ದು, ತನಗೂ ಬಡಿಸಿಕೊಂಡು ಅವನ ಎದುರಿಗೇ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಉಂಡರು. ಅವನ ಬಟ್ಟಲು ಖಾಲಿಯಾದಾಗ ಅವಳು ಕೇಳದೆಯೇ ಇನ್ನೊಂದು ಸೌಟು ಹಾಕಿದಳು, ಅವನು ಕೈ ಅಡ್ಡ ಹಿಡಿಯಲಿಲ್ಲ.